ಊಟ ಆಯ್ತಾ ಲೋಲಾ?

ಮನಿಲಾಗೆ ಬಂದ ಹೊಸ್ದರಲ್ಲಿ ಪಕ್ಕದ್ಮನೆ ಅಜ್ಜಿ ಒಣಮೀನು ಹುರಿದ್ರೆ ಸಾಕು, ನಾನು ಪಟಾರಂತ ಕಿಟಕಿ ಹಾಕ್ಬಿಡ್ತಿದ್ದೆ. ಅಜ್ಜಿಗೆ ಇಲ್ಲಿ 'ಲೋಲಾ' ಅಂತಾರೆ. ಅವ್ರು ನನ್ನ ಕಂಡಾಗೆಲ್ಲ ಊಟ ಆಯ್ತಾ ಅಂತ ಕೇಳೋರು. ನಾನು ತಲೆ ಆಡ್ಸಿ ಒಳಕ್ಕೋಗ್ತಿದ್ದೆ.

ಒಂದಿನ ನನ್ನ ಮಗ ಬೀದಿ ಕೊನೇಲಿರೋ ಬಲೇತೆ ಮರದ ಬಿಳಲು ಹಿಡ್ದು ಜೀಕ್ತಿದ್ದ. ಲೋಲಾ ಓಡಿ ಬಂದು, ಕೈ ಬಿಡ್ಸಿ, 'ತಬಿ ತಬಿ ಪೊ' ಅಂತ ಹೇಳ್ಸಿದ್ರು. ಮರದಲ್ಲಿರೋರಿಗೆ 'ಸ್ವಲ್ಪ ದಾರಿ ಬಿಡ್ರೀ' ಅಂದಂಗೆ. ಆ 'ಪೊ' ನಮ್ಮ 'ರೀ' ಥರಾನೇ, ದೊಡ್ಡೋರಿಗೆ ಕೊಡೋ ಮರ್ಯಾದೆ.

ನಂಗೆ ವಿದುರಾಶ್ವತ್ಥದ ಅರಳಿಕಟ್ಟೆ, ಸಾಲುಸಾಲು ನಾಗರಕಲ್ಲು ಕಣ್ಮುಂದೆ ಬಂತು. ಚಿಕ್ಕೋಳಿದ್ದಾಗ ಕಲ್ಲು ಹತ್ತಕ್ಕೋದ್ರೆ ನಮ್ಮಜ್ಜೀನೂ ಹಿಂಗೇ ರಟ್ಟೆ ಹಿಡ್ದು ಎಳ್ದು ಕೈ ಮುಗಿಸೋರು.

ಒಣಮೀನು ವಾಸನೆ ಈಗ್ಲೂ ಒಗ್ಗಿಲ್ಲ. ಆದ್ರೂ ಕಿಟಕಿ ತೆಗ್ದೇ ಐತೆ. ಇವತ್ತು ನಾನೇ ಮೊದ್ಲು ಕೇಳ್ದೆ: 'ಕುಮಾಇನ್ ನ ಪೊ ಕಯೊ, ಲೋಲಾ?' ಊಟ ಆಯ್ತೇನ್ರೀ ಅಜ್ಜಿ?