ಮೂಳೆಯ ಖಾತೆ, ಹೊಟ್ಟೆಯ ತಕರಾರು

ಬ್ಯಾಂಕಿನಲ್ಲಿ 36 ವರ್ಷ ದುಡಿದವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾವುದನ್ನು ನೋಡಿದರೂ ಜಮಾ ಎಷ್ಟು, ಖರ್ಚು ಎಷ್ಟು ಅಂತ ಮನಸ್ಸು ತಾನಾಗೇ ಗೆರೆ ಎಳೆಯುತ್ತದೆ. 2021ರಲ್ಲಿ, ನನಗೆ 62 ತುಂಬಿದಾಗ, ಇಲ್ಲಿ ಡೊಂಬಿವಲಿಯ ಡಾಕ್ಟರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿ “ಟಿ-ಸ್ಕೋರ್ ಮೈನಸ್ 2.8” ಅಂದರು. ನನಗೆ ತಕ್ಷಣ ನೆನಪಾದದ್ದು ಓವರ್‌ಡ್ರಾಫ್ಟ್. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಕಮ್ಮಿಯಾಗಿ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ.

ನನ್ನ ಅಮ್ಮನಿಗೆ ಈ ಹೆಸರೇ ಗೊತ್ತಿರಲಿಲ್ಲ. “ವಯಸ್ಸಾಯ್ತು, ಬೆನ್ನು ಬಾಗ್ತು” ಅಂತಿದ್ದಳು. 1998ರಲ್ಲಿ ಅರಸೀಕೆರೆ ಹತ್ತಿರದ ನಮ್ಮೂರಿನ ಮನೆಯ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿಯಿತು. ಅದು ಸೆಪ್ಟೆಂಬರ್ ಕೊನೆ, ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುವ ಕಾಲ. ಫೋರ್ಟ್ ಶಾಖೆಯಲ್ಲಿದ್ದ ನನಗೆ ಸಿಕ್ಕಿದ್ದು ನಾಲ್ಕು ದಿನದ ರಜ. ಅಮ್ಮ ಆಮೇಲೆ ಎದ್ದು ನಡೆಯಲಿಲ್ಲ. ಹದಿನಾಲ್ಕು ತಿಂಗಳು ಅವಳ ಎಲ್ಲವನ್ನೂ ಮಾಡಿದವಳು ನಮ್ಮ ಅತ್ತಿಗೆ. ನಾವು ಇರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಯಜಮಾನರಿಗೆ 70 ದಾಟಿದೆ, ಮಗಳು ಬೆಂಗಳೂರಿನಲ್ಲಿ. ಇಲ್ಲಿ ನಾನು ಬಿದ್ದರೆ ಎತ್ತುವ ಅತ್ತಿಗೆ ಯಾರೂ ಇಲ್ಲ. ಊರು ಬಿಟ್ಟು ಬಂದವರ ಮೂಳೆ ಊರಲ್ಲಿರುವವರ ಮೂಳೆಗಿಂತ ಗಟ್ಟಿ ಇರಬೇಕು ನೋಡಿ.

ಡಾಕ್ಟರು ವರ್ಷಕ್ಕೊಂದು ಇಂಜೆಕ್ಷನ್ ಗೊತ್ತುಮಾಡಿದರು. ಜೊತೆಗೆ ದಿನಾ 500 ಮಿಲಿಗ್ರಾಂನ ಎರಡು ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಬೇರೆ. ಮೈಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿಲ್ಲದೆ ಆ ಇಂಜೆಕ್ಷನ್ ತೊಗೊಂಡರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು, ಹಾಗಾಗಿ ಮಾತ್ರೆ ತಪ್ಪಿಸಬಾರದು ಅಂತ ಎರಡೆರಡು ಸಲ ಹೇಳಿದರು.

ಮೂರನೇ ವಾರಕ್ಕೆ ಹೊಟ್ಟೆ ತಕರಾರು ತೆಗೆಯಿತು. ಊಟವಾದ ಒಂದು ಗಂಟೆಗೆ ಹೊಟ್ಟೆ ತಮಟೆ ಹಾಗೆ ಬಿಗಿಯೋದು, ಸಾಲು ಸಾಲು ತೇಗು, ಎದೆ ಹತ್ತಿರ ಉರಿ. ಬೆಳಗ್ಗೆಯ ಕೆಲಸವಂತೂ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಆಯಿತು. ಮಲಬದ್ಧತೆ ಅನ್ನೋದು ಪುಸ್ತಕದ ಮಾತು. ಅದಾದವರಿಗೆ ಇಡೀ ದಿನ ಬೇರೇನೂ ಯೋಚನೆ ಬರೋದಿಲ್ಲ. ಮಾತ್ರೆಯ ಡಬ್ಬಿ ಕಂಡರೆ ಸಾಕು, ಇವತ್ತೊಂದು ದಿನ ಬೇಡ ಅನ್ನಿಸೋದು. ಅದರ ಹಿಂದೆಯೇ ಅಮ್ಮನ ಮಂಚ ಕಣ್ಣ ಮುಂದೆ ಬರೋದು.

ಡಾಕ್ಟರ ಹತ್ತಿರ ಹೇಳೋಣ ಅಂದರೆ ಭಾಷೆಯ ತೊಡಕು. ನನ್ನ ಮರಾಠಿ ಕಮ್ಮಿಯೇನಲ್ಲ, ಸಾಲ ವಸೂಲಿಗೆ ಹೋದಾಗ ಜಗಳವಾಡುವಷ್ಟು ಬರುತ್ತದೆ. ಆದರೆ ಹೊಟ್ಟೆಯ ಸಂಕಟ ಮಾತ್ರ ತಾಯಿಮಾತಿನಲ್ಲೇ ನೋಯುತ್ತದೆ. ಉಬ್ಬರ, ಹುಳಿತೇಗು, ಹೊಟ್ಟೆ ಕಟ್ಟಿದೆ, ವಾಯು ಸುತ್ತುತ್ತಿದೆ, ಒಂದೊಂದೂ ಬೇರೆ ಬೇರೆ. ಮುಂಬೈಯಲ್ಲಿ ಎಲ್ಲ ಸೇರಿ ಒಂದೇ ಮಾತು, “ಗ್ಯಾಸ್”. ಅದೂ ಮಗನ ವಯಸ್ಸಿನ ಡಾಕ್ಟರು “ಕಾಯ್ ತ್ರಾಸ್ ಹೋತೋ, ಕಾಕು?” ಅಂತ ಕೇಳುವಾಗ ಅದಕ್ಕಿಂತ ಹೆಚ್ಚು ಬಾಯಿಗೆ ಬರೋದಿಲ್ಲ.

ದಾರಿ ತೋರಿಸಿದವರು ನಮ್ಮ ಭಜನಾ ಮಂಡಳಿಯ ಧಾರವಾಡದ ಕಾಕೂ. “ಅಲ್ರೀ, ಬ್ಯಾಂಕಿನ್ಯಾಗ ಕೋಟಿಗಟ್ಲೆ ಲೆಕ್ಕಾ ಬರದೀರಿ, ಹೊಟ್ಟೀ ಲೆಕ್ಕಾ ಬರದು ತೋರಸ್ಲಿಕ್ಕೆ ಏನ್ ನಾಚಿಗಿ?” ಅಂದರು. ಸರಿ, ಹಳೇ ಡೈರಿಯಲ್ಲಿ ಗೆರೆ ಎಳೆದೆ. ಎಷ್ಟು ಗಂಟೆಗೆ ಏನು ತಿಂದೆ, ಯಾವ ಮಾತ್ರೆ, ಎಷ್ಟು ನೀರು, ಆಮೇಲೆ ಏನಾಯಿತು, ಹದಿನೈದು ದಿನ ಬರೆದೆ. ಕಾಕೂ ಪಕ್ಕದಲ್ಲಿ ಕೂತು ಮರಾಠಿ ಮಾತುಗಳನ್ನು ಹೇಳಿಕೊಟ್ಟರು: ಪೋಟ್ ಫುಗತಂ, ಆಂಬಟ್ ಢೇಕರ್, ಪೋಟ್ ಸಾಫ್ ಹೋತ್ ನಾಹಿ.

ಡಾಕ್ಟರು ಆ ಎರಡು ಹಾಳೆಯನ್ನು ಆಡಿಟರ್ ಹಾಗೆ ಓದಿದರು. ಆಮೇಲೆ ಕೂರಿಸಿ ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ನನ್ನದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನ ಜಾತಿ. ಸುಣ್ಣದ ಕಲ್ಲಿನ ಮೇಲೆ ನಿಂಬೆರಸ ಹಿಂಡಿದರೆ ನೊರೆ ಏಳುತ್ತದಲ್ಲ, ಜಠರದ ಆಮ್ಲ ತಾಕಿದಾಗಲೂ ಅದೇ. ಅದು ಕರಗಲು ಆಮ್ಲ ಬೇಕು, ಅದಕ್ಕೇ ಊಟದ ಜೊತೆ ತೊಗೊಳ್ಳಬೇಕು. ಪಕ್ಕದ ಮನೆಯವರು ಹೇಳಿದ್ದ ಆಸಿಡಿಟಿ ಮಾತ್ರೆಯನ್ನು ದಿನಾ ನುಂಗಿದರೆ ಆಮ್ಲ ಇಳಿಯುತ್ತದೆ, ಕ್ಯಾಲ್ಸಿಯಂ ಕರಗದೆ ಹಾಗೇ ಸಾಗುತ್ತದೆ. ಒಂದು ಖಾತೆಯ ಸಾಲ ತೀರಿಸಲು ಇನ್ನೊಂದು ಖಾತೆಯಲ್ಲಿ ಸಾಲ ಎತ್ತಿದ ಹಾಗೆ!

ಇನ್ನೊಂದು ಜಾತಿ ಕ್ಯಾಲ್ಸಿಯಂ ಸಿಟ್ರೇಟ್. ಅದಕ್ಕೆ ಆಮ್ಲದ ಹಂಗಿಲ್ಲ, ಹೊಟ್ಟೆ ಖಾಲಿ ಇದ್ದರೂ ನಡೆಯುತ್ತದೆ, ಉಬ್ಬರವೂ ಮಲಬದ್ಧತೆಯೂ ಕೆಲವರಿಗೆ ಕಮ್ಮಿ. ಆದರೆ ಕಾರ್ಬೊನೇಟಿನಲ್ಲಿ ನೂರಕ್ಕೆ 40 ಪಾಲು ಕ್ಯಾಲ್ಸಿಯಂ ಇದ್ದರೆ ಇದರಲ್ಲಿ 21 ಮಾತ್ರ. ಹಾಗಾಗಿ ಮಾತ್ರೆ ಹೆಚ್ಚು, ಬೆಲೆಯೂ ಹೆಚ್ಚು. ಯಾವುದೇ ಆದರೂ ಒಂದು ಸಲಕ್ಕೆ 500 ಮಿಲಿಗ್ರಾಂ ದಾಟಿಸಿದರೆ ಮೈ ಅಷ್ಟನ್ನು ಸರಿಯಾಗಿ ಹೀರುವುದಿಲ್ಲ. ನನಗಿರುವ ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು.

ಕೊನೆಗೆ ಕೇಳಿದರು, “ಊಟದಿಂದ ಎಷ್ಟು ಬರುತ್ತೆ, ಅದನ್ನೂ ಬರೆಯಿರಿ.” ಇದು ನನ್ನ ಇಷ್ಟದ ಕೆಲಸ. 2020ರ ಐಸಿಎಂಆರ್ ಪಟ್ಟಿಯ ಪ್ರಕಾರ ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. ದೊಡ್ಡ ಲೋಟ ಹಾಲಿಗೆ ಸುಮಾರು 240, ಬಟ್ಟಲು ಮೊಸರಿಗೆ 150, ಸೊಪ್ಪು, ಬೇಳೆ, ಎಳ್ಳಿಗೆ 100 ಚಿಲ್ಲರೆ. ಉಳಿದದ್ದಕ್ಕೆ ನಮ್ಮ ರಾಗಿ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ.

ಮುಂಬೈಗೆ ಬಂದ ಹೊಸದರಲ್ಲಿ ಅಮ್ಮ ಯಾರು ಬಂದರೂ ಅವರ ಕೈಲಿ ರಾಗಿಹಿಟ್ಟಿನ ಗಂಟು ಕಳಿಸುತ್ತಿದ್ದಳು. ಇಲ್ಲಿನ ಅಂಗಡಿಯಲ್ಲಿ ‘ನಾಚಣಿ’ ಅಂತ ಬರೆದ ಚೀಲದಲ್ಲಿ ಇರುವುದೂ ನಮ್ಮ ರಾಗಿಯೇ. ಕೊಂಕಣದವರು ಅದರಲ್ಲಿ ಭಾಕರಿ ತಟ್ಟುತ್ತಾರೆ, ನಾನು ಮುದ್ದೆ ಕಟ್ಟುತ್ತೇನೆ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತ ಗಾದೆ. ನನಗೆ ಬೆಟ್ಟ ಬೇಡ, ಮೂರು ಮಹಡಿ ಹತ್ತಿದರೆ ಸಾಕು. ದಿನಕ್ಕೆ 60 ಗ್ರಾಂ ಹಿಟ್ಟಿನ ಮುದ್ದೆಗೆ 200 ಅಂತ ಬರೆದೆ. ಎಲ್ಲ ಕೂಡಿದರೆ 700. ಕಾಗದದ ಮೇಲಿನದೆಲ್ಲ ಮೈಗೆ ಹತ್ತೋದಿಲ್ಲ, ಗೊತ್ತು. ಆದರೂ ಡಾಕ್ಟರು ಲೆಕ್ಕ ಒಪ್ಪಿ, ಉಳಿದದ್ದಕ್ಕೆ ಮಾತ್ರ ಮಾತ್ರೆ ಅಂದರು. ಈಗ ಮಧ್ಯಾಹ್ನ ಒಂದು, ರಾತ್ರಿ ಒಂದು ಸಿಟ್ರೇಟ್, ಎರಡೂ ಸೇರಿ 500. ಮಾತ್ರೆ ಹೆಬ್ಬೆರಳ ಉಗುರಿನಷ್ಟು ದಪ್ಪ. “ಮುದ್ದೆ ನುಂಗೋಳಿಗೆ ಇದೇನು ಮಹಾ” ಅಂತ ಯಜಮಾನರ ತಮಾಷೆ.

ನೀರಿನದೊಂದು ಬಾಕಿ ಇತ್ತು. ಲೋಕಲ್ ಗಾಡಿಯಲ್ಲಿ ಶೌಚಾಲಯ ಇರೋದಿಲ್ಲ. ಡೊಂಬಿವಲಿಯಿಂದ ವಿ.ಟಿ.ವರೆಗೆ ಲೇಡೀಸ್ ಡಬ್ಬಿಯಲ್ಲಿ ಹೋಗುತ್ತಿದ್ದ ನಾವೆಲ್ಲ ನೀರು ಮುಟ್ಟದೆ ಹೊರಡುತ್ತಿದ್ದೆವು. ರಿಟೈರ್ ಆದರೂ ಗಂಟಲು ಅದೇ ಟೈಂಟೇಬಲ್ ಹಿಡಿದಿತ್ತು. ಈಗ ಎರಡು ಬಾಟಲಿ ತುಂಬಿಸಿ ಕಣ್ಣೆದುರು ಇಟ್ಟುಕೊಳ್ಳುತ್ತೇನೆ. ಸಂಜೆ ಅರ್ಧ ಗಂಟೆ ನಡಿಗೆ. ತೀರ ಬಿಗಿಯಾದ ದಿನ ಇಸಬಗೋಲು, ಅದೂ ಮಾತ್ರೆಗಳಿಂದ ಎರಡು ಗಂಟೆ ದೂರದಲ್ಲಿ. ಒಂದು ತಿಂಗಳಲ್ಲಿ ಹೊಟ್ಟೆ ಮುಕ್ಕಾಲು ಪಾಲು ರಾಜಿಗೆ ಬಂತು. ಉಳಿದ ಕಾಲು ಪಾಲಿನ ಜೊತೆ ಬದುಕುವುದು ಬಂದಿದೆ.

2024ರಲ್ಲಿ ಮತ್ತೆ ಡೆಕ್ಸಾ ಆಯಿತು, ಮೈನಸ್ 2.5. ಮುಖ್ಯವಾಗಿ ಆ ಇಂಜೆಕ್ಷನ್ನಿನ ಕೆಲಸ ಅಂದರು ಡಾಕ್ಟರು, ಆದರೆ ಕ್ಯಾಲ್ಸಿಯಂ ಬಿಟ್ಟಿದ್ದರೆ ಇಂಜೆಕ್ಷನ್ ಕೊಡುವ ಧೈರ್ಯ ಇರುತ್ತಿರಲಿಲ್ಲ ಅಂತಲೂ ಅಂದರು. ಸಾಲ ತೀರಿಲ್ಲ, ಬೆಳೆದೂ ಇಲ್ಲ.

ನಮ್ಮ ಮಂಡಳಿಯಲ್ಲೇ ಮೂವರು ಹೊಟ್ಟೆ ಕೆಟ್ಟಿತು ಅಂತ ಕ್ಯಾಲ್ಸಿಯಂ ನಿಲ್ಲಿಸಿ, ಡಾಕ್ಟರಿಗೆ ಹೇಳದೆ ಸುಮ್ಮನಿದ್ದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ಮಾತ್ರೆ ಕಾರ್ಬೊನೇಟೋ ಸಿಟ್ರೇಟೋ, ಡಬ್ಬಿಯ ಮೇಲೆ ಓದಿ. ಊಟದಿಂದ ಎಷ್ಟು ಬರುತ್ತದೆ, ಲೆಕ್ಕ ಹಾಕಿ. ಬದಲಾಯಿಸುವುದೋ ಕಮ್ಮಿ ಮಾಡುವುದೋ ನಿಮ್ಮ ಡಾಕ್ಟರನ್ನೇ ಕೇಳಿ. ಮರಾಠಿ, ಹಿಂದಿ, ತೆಲುಗು, ತಮಿಳು, ಬಂದಷ್ಟರಲ್ಲಿ ಹೇಳಿ, ಬಾರದಿದ್ದರೆ ಬರೆದುಕೊಂಡು ಹೋಗಿ. ಪರಊರಲ್ಲಿ ಹೊಟ್ಟೆಯ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಡಿ.