ತಡವಾಗಿ ಬಂದವನಿಗೂ ಒಂದು ಸ್ಥಳ

ಮಟ್ಟಾಂಚೇರಿಯ ಯೆಹೂದ್ಯರ ಬೀದಿ ಉದ್ದವಾದುದೇನಲ್ಲ. ಮೆಣಸು, ಶುಂಠಿ, ಏಲಕ್ಕಿಗಳ ಘಾಟನ್ನೂ, ಹಳೆಯ ಕಂಚು ಪಿಂಗಾಣಿಗಳನ್ನು ಮಾರುವ ಅಂಗಡಿಗಳನ್ನೂ ದಾಟಿ ಮುಂದೆ ನಡೆದರೆ ಬೀದಿ ಅಲ್ಲಿಗೇ ಮುಗಿದು, ಗಡಿಯಾರದ ಗೋಪುರವೊಂದು ಎದುರಾಗುತ್ತದೆ. ಡಚ್ಚರ ಕಂಪೆನಿಯೊಡನೆ ವ್ಯಾಪಾರ ನಡೆಸಿ ಹೆಸರಾದ ಎಝೆಕಿಯೆಲ್ ರಾಹಬಿ ಎಂಬ ವರ್ತಕನು 1760ರ ಸುಮಾರಿನಲ್ಲಿ ಕಟ್ಟಿಸಿದ ಗೋಪುರವಿದು. ಅದರ ಮುಖಗಳಲ್ಲಿ ಒಂದಕ್ಕೆ ರೋಮನ್ ಅಂಕಿ, ಒಂದಕ್ಕೆ ಹೀಬ್ರೂ, ಇನ್ನೊಂದಕ್ಕೆ ಮಲಯಾಳ. ಮಗ್ಗುಲಲ್ಲಿರುವುದು 1568ರಲ್ಲಿ ನಿರ್ಮಾಣವಾದ ಪರದೇಶಿ ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾಮಂದಿರ. ಒಳಗೆ ಹೋಗುವವರು ಪಾದರಕ್ಷೆಗಳನ್ನು ಹೊರಗೇ ಬಿಡಬೇಕು. ಚೀನಾದಿಂದ ಹಡಗಿನಲ್ಲಿ ಬಂದ ನೀಲಿ ಬಿಳುಪಿನ ಹಂಚುಗಳು ಬರಿಗಾಲಿಗೆ ತಣ್ಣಗೆ ತಾಕುತ್ತವೆ.

ದೇವಮಂದಿರದ ಬಾಗಿಲಲ್ಲೇ ಗಡಿಯಾರವನ್ನು ಕಂಡಾಗ ನನಗೆ ಹೊಳೆದ ಪ್ರಶ್ನೆ ದಿನವೂ ಹಾಜರಿ ಕರೆಯುವ ಮೇಷ್ಟರಿಗೆ ತಕ್ಕದ್ದೇ: ಇಲ್ಲಿ ತಡವಾಗಿ ಬಂದವನ ಗತಿಯೇನು? ಊರಿಗೆ ಹಿಂದಿರುಗಿದ ಮೇಲೆ ಇದಕ್ಕಾಗಿ ಪುಸ್ತಕಗಳನ್ನು ತಿರುವಿ ನೋಡಿದೆ. ಯೆಹೂದ್ಯರ ಧರ್ಮಶಾಸ್ತ್ರ ಈ ಒಂದು ವಿಷಯಕ್ಕೆ ಎಷ್ಟು ಮನಸ್ಸು ಕೊಟ್ಟಿದೆಯೆಂದರೆ ಓದುತ್ತ ಓದುತ್ತ ಬೆರಗಾಯಿತು.

ಮೊದಲಿಗೆ ಅವರ ಲೆಕ್ಕವನ್ನು ತಿಳಿಯಬೇಕು. ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಗಂಡಸರು ಕೂಡಿದರೆ ಅದು ‘ಮಿನ್ಯಾನ್’. ಆ ಹತ್ತು ಕೂಡದೆ ಸಾಮೂಹಿಕ ಪ್ರಾರ್ಥನೆಯಿಲ್ಲ. ಒಬ್ಬೊಬ್ಬರೂ ತಮ್ಮಷ್ಟಕ್ಕೆ ಪ್ರಾರ್ಥಿಸಬಹುದು, ಆದರೆ ಕೆಲವು ಪವಿತ್ರ ವಾಕ್ಯಗಳನ್ನು ಉಚ್ಚರಿಸುವಂತಿಲ್ಲ. ಆದುದರಿಂದ ಮೊದಲ ಹತ್ತು ಮಂದಿಯಲ್ಲಿ ಒಬ್ಬನಾಗುವುದು ದೊಡ್ಡ ಪುಣ್ಯ. ಅವನ ಹಿಂದೆ ನೂರು ಜನ ಬಂದರೂ ಅವರೆಲ್ಲರಿಗೂ ಸಲ್ಲುವಷ್ಟು ಫಲ ಅವನೊಬ್ಬನಿಗೆ ಎಂದು ತಾಲ್ಮುದ್ ಹೇಳುತ್ತದೆ. ಸಿನಗಾಗಿಗೆ ಹೋಗುವಾಗ ಓಡುನಡಿಗೆಯಿಂದ ಹೋಗಬೇಕು, ಹಿಂದಿರುಗುವಾಗ ಮಾತ್ರ ದಾಪುಗಾಲು ಹಾಕಬಾರದು ಎಂಬ ವಿಧಿಯೂ ಉಂಟು. ನಮ್ಮ ವಿದ್ಯಾರ್ಥಿಗಳ ರೀತಿ ಇದಕ್ಕೆ ತೀರ ವಿರುದ್ಧವೆಂಬುದನ್ನು ಬೇರೆ ಹೇಳಬೇಕಾಗಿಲ್ಲ!

ಇಷ್ಟಾದರೂ ಮನುಷ್ಯ ತಡವಾಗಿ ಬಂದೇ ಬರುತ್ತಾನೆ. ಯೋಸೆಫ್ ಕಾರೋ ರಚಿಸಿದ ‘ಶುಲ್ಹನ್ ಅರೂಖ್’ ಎಂಬ ಧರ್ಮಸಂಹಿತೆ ವೆನಿಸ್ ನಗರದಲ್ಲಿ ಮೊದಲು ಅಚ್ಚಾದದ್ದು 1565ರಲ್ಲಿ, ಕೊಚ್ಚಿಯ ಈ ಮಂದಿರ ಏಳುವುದಕ್ಕೆ ಮೂರೇ ವರ್ಷ ಮುಂಚೆ. ತಡವಾದವನಿಗೆ ಅದು ದಾರಿ ತೋರಿಸುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಮೊದಲು ದಾವೀದನ ಕೀರ್ತನೆಗಳೇ ಮೊದಲಾದ ಸ್ತೋತ್ರಗಳು, ಅನಂತರ ದೇವರು ಒಬ್ಬನೇ ಎಂದು ಸಾರುವ ‘ಶೆಮಾ’, ಆಮೇಲೆ ಎಲ್ಲರೂ ಎದ್ದು ನಿಂತು ಪಿಸುದನಿಯಲ್ಲಿ ಹೇಳುವ ‘ಅಮಿದಾ’. ಸಭೆಯೊಡನೆ ನಿಂತು ಅಮಿದಾ ಹೇಳುವುದೇ ಮುಖ್ಯ. ಅದಕ್ಕಾಗಿ ತಡವಾದವನು ಸ್ತೋತ್ರಗಳನ್ನು ಬಿಟ್ಟುಬಿಡಬಹುದು. ಮೊದಲ ಮತ್ತು ಕೊನೆಯ ಮಂಗಳವಾಕ್ಯಗಳನ್ನೂ, ನಡುವೆ 145 ಮತ್ತು 150ನೆಯ ಕೀರ್ತನೆಗಳನ್ನೂ ಹೇಳಿದರೆ ಸಾಕು. ಅದಕ್ಕೂ ಹೊತ್ತಿಲ್ಲವಾದರೆ ನೇರವಾಗಿ ಶೆಮಾಗೆ ಸಂಬಂಧಿಸಿದ ಭಾಗಕ್ಕೆ ಬಂದು, ಬಿಟ್ಟ ಸ್ತೋತ್ರಗಳನ್ನು ಆಮೇಲೆ ಹೇಳಿಕೊಳ್ಳಬಹುದು. ಆದರೆ ಶೆಮಾವನ್ನು ಹಾರಿಸಿ ಅಮಿದಾಗೆ ಸೇರುವಂತಿಲ್ಲ. ಈಜಿಪ್ಟಿನ ಬಿಡುಗಡೆಯನ್ನು ನೆನೆದ ಬಾಯಿಯಿಂದಲೇ, ನಡುವೆ ತಡೆಯಿಲ್ಲದೆ, ಬೇಡಿಕೆಯ ಮಾತು ಹೊರಡಬೇಕು. ಸಂಜೆಯ ಪ್ರಾರ್ಥನೆಯಲ್ಲಿ ಈ ಬಿಗಿಯೂ ಸಡಿಲ: ಮೊದಲು ಸಭೆಯೊಡನೆ ಅಮಿದಾ, ಆಮೇಲೆ ಶೆಮಾ.

ಇದರ ಮೇಲೆ ಗಂಟೆಯ ಲೆಕ್ಕ ಬೇರೆ. ಶೆಮಾಗೆ ಹಗಲಿನ ಮೂರನೆಯ ಗಂಟೆಯವರೆಗೆ, ಬೆಳಗಿನ ಅಮಿದಾಗೆ ನಾಲ್ಕನೆಯದರವರೆಗೆ ಕಾಲಾವಕಾಶ. ಈ ಗಂಟೆ ರಾಹಬಿಯ ಗೋಪುರದ ಗಂಟೆಯಲ್ಲ. ಹಗಲಿನ ಹನ್ನೆರಡರಲ್ಲಿ ಒಂದು ಪಾಲು. ಹಗಲು ಬೆಳೆದರೆ ಬೆಳೆಯುತ್ತದೆ, ಕುಗ್ಗಿದರೆ ಕುಗ್ಗುತ್ತದೆ. ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲವನ್ನು ಎಣಿಸುವ ನಮ್ಮ ಪಂಚಾಂಗದವರಿಗೆ ಇದು ಹೊಸತೆನಿಸದು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಶುಕ್ರವಾರ ರಾತ್ರಿಯ ಒಂದು ಪ್ರಾರ್ಥನೆ. ಸಬ್ಬತ್ತು ಕಾಲಿಟ್ಟ ಆ ರಾತ್ರಿ, ಅಮಿದಾ ಮುಗಿದ ಮೇಲೆ, ಪ್ರಾರ್ಥನೆ ನಡೆಸುವವನು ಅದರ ಸಾರವನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳುತ್ತಾನೆ. ಬೇರೆ ರಾತ್ರಿಗಳಲ್ಲಿ ಇದಿಲ್ಲ. ‘ಅಪಾಯದ ನಿಮಿತ್ತ’ ಎಂದಷ್ಟೇ ತಾಲ್ಮುದ್ ಕಾರಣ ಕೊಡುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ವ್ಯಾಖ್ಯಾನಕಾರ ರಾಶಿ ಅದನ್ನು ಬಿಡಿಸಿ ಹೇಳುತ್ತಾನೆ. ಹಿಂದಿನ ಕಾಲದಲ್ಲಿ ಸಿನಗಾಗುಗಳು ಜನವಸತಿಯಿಂದ ದೂರ ಇದ್ದವು. ಉಳಿದ ದಿನಗಳಲ್ಲಿ ದುಡಿಮೆಯಿಂದ ದಣಿದವರು ಮನೆಯಲ್ಲೇ ಪ್ರಾರ್ಥಿಸಿಕೊಳ್ಳುತ್ತಿದ್ದರು; ಶುಕ್ರವಾರ ರಾತ್ರಿ ಎಲ್ಲರೂ ಬರುತ್ತಿದ್ದರು. ಯಾರಾದರೂ ತಡವಾಗಿ ಬಂದರೆ, ಉಳಿದವರು ಮನೆಗೆ ಹೊರಟಮೇಲೆ ಅವನೊಬ್ಬನೇ ಕತ್ತಲೆಯಲ್ಲಿ ಹಿಂದೆ ಉಳಿಯಬೇಕು. ಅವನು ಮುಗಿಸಿಕೊಂಡು ಉಳಿದವರೊಡನೆ ಹೊರಡಲೆಂದು ಇಡೀ ಸಭೆಯ ಪ್ರಾರ್ಥನೆಯನ್ನೇ ಲಂಬಿಸಿದರು. ಅಂದಿನ ಕತ್ತಲೆ ಹೋಯಿತು, ಸಿನಗಾಗುಗಳು ಊರೊಳಗೆ ಬಂದವು. ತಡವಾದವನಿಗಾಗಿ ಸೇರಿಸಿದ ಆ ಮಾತುಗಳು ಮಾತ್ರ ಇಂದಿಗೂ ನಿಂತಿವೆ.

ಇಷ್ಟು ಅಂತಃಕರಣವಿದ್ದ ಶಾಸ್ತ್ರವನ್ನು ಓದಿದವರೇ ಕೊಚ್ಚಿಯಲ್ಲಿ, ಹೊತ್ತಿಗೆ ಸರಿಯಾಗಿ ಬಂದ ತಮ್ಮವರನ್ನು ತಲೆಮಾರುಗಳ ಕಾಲ ದೂರವಿಟ್ಟರೆಂಬುದನ್ನು ನೆನೆದರೆ ಮನಸ್ಸಿಗೆ ಕಹಿಯೆನಿಸುತ್ತದೆ. ದಾಸ್ಯದಿಂದ ಬಿಡುಗಡೆಯಾದವರ ಸಂತತಿಯೆಂದು ಎಣಿಸಲ್ಪಟ್ಟ ಮನೆತನಗಳಿಗೆ ಒಳಗೆ ಸಮಾನ ಸ್ಥಾನವಿರಲಿಲ್ಲ. ಆ ಮನೆತನಗಳಲ್ಲೊಂದರ ವಕೀಲ ಎ. ಬಿ. ಸೇಲಂ ಗಾಂಧೀಜಿಯ ದಾರಿ ಹಿಡಿದು ಈ ಮಂದಿರದಲ್ಲೇ ಸತ್ಯಾಗ್ರಹ ಹೂಡಿದರು. ಕಟ್ಟುಪಾಡು ಕಳಚಿತು, ಆದರೆ ನಿಧಾನವಾಗಿ.

ಆ ಹೊತ್ತಿಗೆ ಜನವೇ ಕರಗತೊಡಗಿತ್ತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ, 1950ರ ದಶಕದಲ್ಲಿ ಕೇರಳದ ಯೆಹೂದ್ಯರಲ್ಲಿ ಬಹುಮಂದಿ ಹಡಗು, ವಿಮಾನ ಹತ್ತಿದರು. 1968ರಲ್ಲಿ ಮಂದಿರದ ನಾನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದಾಗ ಉಳಿದಿದ್ದವರು ಕೆಲವರೇ. ಈಗ ಈ ಬೀದಿಯ ಯೆಹೂದ್ಯರನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕು.

ಶುಕ್ರವಾರದ ಆ ಪ್ರಾರ್ಥನೆಗೂ ಹತ್ತು ಮಂದಿ ಇರಲೇಬೇಕು. ಕೊಚ್ಚಿಗೆ ಪ್ರವಾಸ ಬಂದ ಯೆಹೂದ್ಯರು ಆ ಸಂಜೆ ಸಾಕಷ್ಟು ಮಂದಿ ಸೇರಿದರೆ ಉಂಟು, ಇಲ್ಲವಾದರೆ ಇಲ್ಲ. ಒಂಬತ್ತು ಮಂದಿ ಸೇರಿರುವ ರಾತ್ರಿ ಹತ್ತನೆಯವನು ಎಷ್ಟೇ ತಡವಾಗಿ ಮೆಟ್ಟಿಲು ಹತ್ತಿ ಬರಲಿ, ಗಡಿಯಾರದ ಕಡೆಗೆ ಯಾರೂ ನೋಡಲಾರರು.