ವೈಟ್‌ಫೀಲ್ಡಿನಲ್ಲಿ ಕಛೇರಿ ಎಲ್ಲಿ ನಡೆಯುತ್ತೆ?

ವೈಟ್‌ಫೀಲ್ಡಿನಲ್ಲಿ ಕಛೇರಿಗಳಿಗೇನೂ ಬರ ಇಲ್ಲ. ಎಲ್ಲಿ ನೋಡಿದ್ರೂ ಗಾಜಿನ ಕಟ್ಟಡ, ಒಂದೊಂದು ಮಹಡಿಯಲ್ಲೂ ಒಂದೊಂದು ಕಛೇರಿ. ನಮ್ಮಪ್ಪನಿಗೆ ಬೇಕಾಗಿದ್ದ ಕಛೇರಿ ಮಾತ್ರ ಬೇರೆ. ತಂಬೂರಿ, ಪಿಟೀಲು, ಮೃದಂಗ ಇರುವಂಥದ್ದು. ಅದನ್ನು ಈ ಊರಲ್ಲಿ ಹುಡುಕಿದ ಕಥೆಯನ್ನು ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ತಾ ಇದ್ದೆ, ಇವತ್ತು ಮುಹೂರ್ತ ಕೂಡಿ ಬಂತು.

ಅಪ್ಪ ಹುಟ್ಟಿದ್ದು, ಕೆಲಸ ಮಾಡಿದ್ದು, ರಿಟೈರಾಗಿದ್ದು ಎಲ್ಲ ಚಾಮರಾಜಪೇಟೆಯ ಸುತ್ತಮುತ್ತ. ಆ ಕಡೆಯವರಿಗೆ ಸಂಗೀತ ಅನ್ನೋದು ಹುಡುಕಿಕೊಂಡು ಹೋಗಬೇಕಾದ ವಸ್ತು ಅಂತಲೇ ಗೊತ್ತಿರಲ್ಲ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರು ಮಾಡಿದ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು ಕೋಟೆ ಹೈಸ್ಕೂಲಿನ ಮೈದಾನದಲ್ಲಿ. ಊಟ ಮಾಡಿ ಪಂಚೆ ಸರಿಮಾಡಿಕೊಂಡು ಹೊರಟರೆ ಆಯ್ತು. ಕೆ.ಆರ್. ರಸ್ತೆಯಲ್ಲಿ ಗಾಯನ ಸಮಾಜ, ಅದು ಇನ್ನೂ ಹಳೇದು, 1905ರದ್ದು. ಟಿಕೆಟ್ಟಿಗೆ ದುಡ್ಡಿಲ್ಲದ ಕಾಲದಲ್ಲಿ ಮೈದಾನದ ಹೊರಗೆ ರಸ್ತೆಯಲ್ಲಿ ನಿಂತು ಕೇಳಿದ್ದನ್ನು ಅಪ್ಪ ಈಗಲೂ ಹೆಮ್ಮೆಯಿಂದ ಹೇಳ್ತಾರೆ.

ಅಮ್ಮ ಹೋದ ಮೇಲೆ 2022ರಲ್ಲಿ ಅವರನ್ನು ನಮ್ಮ ಅಪಾರ್ಟ್‌ಮೆಂಟಿಗೆ ಕರ್ಕೊಂಡು ಬಂದ್ವಿ. ಒಂಬತ್ತನೇ ಮಹಡಿ. ಬಾಲ್ಕನಿಯಲ್ಲಿ ಕೂತರೆ ಕೆಳಗಡೆ ಟ್ಯಾಂಕರ್‌ಗಳ ಹಾರನ್ನು. ಮಗಳು ಅವರ ಫೋನಿಗೆ ಯೂಟ್ಯೂಬ್ ಹಾಕಿಕೊಟ್ಟಳು, ಜಗತ್ತಿನ ಸಂಗೀತವೆಲ್ಲ ಅದರಲ್ಲಿದೆ. ನಾಲ್ಕು ದಿನ ಕೇಳಿದರು, ಐದನೇ ದಿನ ಬಿಟ್ಟರು. ಯಾಕಪ್ಪಾ ಅಂದ್ರೆ, "ಪಕ್ಕದಲ್ಲಿ ಯಾರೂ ಇಲ್ವಲ್ಲೋ" ಅಂದ್ರು. ತೊಡೆ ಮೇಲೆ ತಾಳ ಹಾಕ್ತಾ ಪಕ್ಕದವನ ತಾಳ ತಪ್ಪಿತಾ ಅಂತ ಓರೆಗಣ್ಣಲ್ಲಿ ನೋಡೋದು, ರಾಗ ಯಾವುದು ಅಂತ ಪಿಸುಗುಟ್ಟೋದು... ಅದು ಅರ್ಧ ಕಛೇರಿ ಅಂತೆ. ಆಮೇಲಾಮೇಲೆ ಮಾತೂ ಕಡಿಮೆಯಾಯ್ತು. ಸಂಜೆ ಆರಕ್ಕೆ ಲೈಟು ಕೂಡ ಹಾಕದೆ ಕೂತಿರೋರು. ನನಗೆ ಹೆದರಿಕೆ ಶುರುವಾಗಿದ್ದು ಆಗ.

2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಒಂದೇ ಓಟ ಓಡೋಕೆ ಶುರುವಾಯ್ತಲ್ಲ, ಆಗ ನಾನು ಬಹಳ ಖುಷಿಪಟ್ಟೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಕೋಟೆ ಹೈಸ್ಕೂಲಿಗೆ ನಡೆದೇ ಹೋಗಬಹುದು. 2024ರ ರಾಮನವಮಿಗೆ ಎರಡು ಸಲ ಹೋದ್ವಿ. ಮೊದಲನೇ ದಿನ ಅಪ್ಪ ಮದುವೆಗೆ ಹೊರಟ ಹಾಗೆ ಹೊರಟರು. ಆದರೆ ಮೆಜೆಸ್ಟಿಕ್‌ನಲ್ಲಿ ಆ ಜನಜಂಗುಳಿ, ಎಸ್ಕಲೇಟರ್ರು, ಮಂಡಿ ನೋವು. ವಾಪಸ್ ಬಂದು ಇಳಿದ ಮೇಲೆ ಆಟೋದವರ ಜೊತೆ ಜಗಳ. ಎರಡನೇ ದಿನ ತನಿ ಆವರ್ತನ ಮುಗೀತಿದ್ದಂಗೆ ನಾನು ಗಡಿಯಾರ ನೋಡಿದೆ, ಅವರು ನನ್ನನ್ನು ನೋಡಿದರು. ಮಂಗಳ ಹಾಡೋ ಮೊದಲು ಎದ್ದು ಹೋಗೋದು ಅವರ ಲೆಕ್ಕದಲ್ಲಿ ಊಟದ ಮಧ್ಯೆ ಎಲೆ ಬಿಟ್ಟು ಎದ್ದ ಹಾಗೆ. ಅವತ್ತು ಎದ್ದು ಬಂದರು. ಮೂರನೇ ಸಲ ಕರೆದಾಗ "ಬೇಡ ಬಿಡು" ಅಂದ್ರು.

ಸರಿ, ಇಲ್ಲೇ ಹುಡುಕೋಣ ಅಂತ ಗೂಗಲ್‌ನಲ್ಲಿ 'ಹತ್ತಿರದ ಲೈವ್ ಮ್ಯೂಸಿಕ್' ಅಂತ ಹೊಡೆದೆ. ಬಂದದ್ದೆಲ್ಲ ಬಿಯರ್ ಕುಡಿಸೋ ಜಾಗಗಳೇ! ಹಾಗಂತ ಅವನ್ನು ಹಳಿಯೋದಿಲ್ಲ. ವಿಂಡ್‌ಮಿಲ್ಸ್ ಅಂತ ಒಂದಿದೆ, 2012ರಲ್ಲಿ ಶುರುವಾಗಿದ್ದು. ಜಾಜ್ ಸಂಗೀತಕ್ಕೆ ಅಂತಲೇ ಒಂದು ಪುಟ್ಟ ರಂಗಮಂದಿರ ಕಟ್ಟಿಸಿದ್ದಾರೆ. ಆಫೀಸಿನವರ ಜೊತೆ ಹೋಗಿದ್ದೆ. ಡಬಲ್ ಬಾಸ್‌ನವನೂ ಡ್ರಮ್ಸ್‌ನವನೂ ಎದುರುಬದುರು ಸವಾಲು ಹಾಕಿಕೊಂಡು ನುಡಿಸಿದ್ದು ನಿಜಕ್ಕೂ ಚೆನ್ನಾಗಿತ್ತು. ಮನೆಗೆ ಬಂದು ಹೇಳಿದರೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ತನಿ ಎಷ್ಟು ಹೊತ್ತು ಇತ್ತು?" :-)

ದಾರಿ ತೋರಿಸಿದ್ದು ಗೂಗಲ್ ಅಲ್ಲ, ನಮ್ಮ ಗೇಟಿನಾಚೆ ಇರೋ ಶಾಮಿಯಾನ-ಸೌಂಡ್ಸ್ ಅಂಗಡಿಯವನು. ಸ್ಪೀಕರ್ ಡಬ್ಬ, ಕೇಬಲ್ ಸುರುಳಿ, ಪ್ಲಾಸ್ಟಿಕ್ ಕುರ್ಚಿಗಳ ರಾಶಿ ಇರುತ್ತಲ್ಲ, ಅಂಥ ಅಂಗಡಿ. ಅಪ್ಪ ಬೆಳಗ್ಗೆ ವಾಕಿಂಗ್ ಹೋದಾಗ ಅಲ್ಲಿ ಕುರ್ಚಿ ಮೇಲೆ ಸುಧಾರಿಸಿಕೊಳ್ತಾ ಇದ್ದರಂತೆ. ಯೋಚನೆ ಮಾಡಿ, ಸುತ್ತ ಹತ್ತು ಹಳ್ಳಿಯಲ್ಲಿ ಯಾವ ದಿನ ಯಾವ ಗುಡಿಯಲ್ಲಿ ಏನು ಹಾಡು ಅಂತ ಅವನಿಗೆ ತಿಳಿದಷ್ಟು ಇನ್ಯಾರಿಗೆ ತಿಳಿದೀತು? ಮೈಕು ಬೇಕು ಅಂದ್ರೆ ಮೊದಲು ಅವನ ಹತ್ರಾನೇ ಬರಬೇಕು. ಅವನ ಕ್ಯಾಲೆಂಡರಿನಲ್ಲಿ ನವೆಂಬರ್ ಪೂರ್ತಿ ರಾಜ್ಯೋತ್ಸವದ ರಸಮಂಜರಿ. ಗಣೇಶನ ಹಬ್ಬದ ಮೇಲೆ ಒಂದು ತಿಂಗಳು ಆರ್ಕೆಸ್ಟ್ರಾ. ಶ್ರಾವಣದಲ್ಲಿ ಹರಿಕಥೆ. ಧನುರ್ಮಾಸದಲ್ಲಿ ಭಜನೆ.

ನಾವು ವೈಟ್‌ಫೀಲ್ಡ್ ಅಂತ ಒಂದೇ ಹೆಸರಲ್ಲಿ ಕರೆಯೋದರ ಕೆಳಗೆ ಕಾಡುಗೋಡಿ, ಹೂಡಿ, ವರ್ತೂರು, ನಲ್ಲೂರಹಳ್ಳಿ, ಇಮ್ಮಡಿಹಳ್ಳಿ ಎಲ್ಲ ಹಾಗೇ ಇವೆ. ಸಭಾಂಗಣ ಇಲ್ಲ, ನಿಜ. ಆದರೆ ಭಜನೆ ಮನೆ ಇದೆ. ಅವನು ಹೇಳಿದ ಒಂದು ಭಜನೆ ಮನೆಗೆ ಧನುರ್ಮಾಸದ ಚಳಿಯಲ್ಲಿ, ಬೆಳಗಿನ ಐದಕ್ಕೆ, ಅಪ್ಪ ಮಫ್ಲರ್ ಸುತ್ತಿಕೊಂಡು ಹೊರಟರು. ನಾನೂ ಹಿಂದೆ ಹೋದೆ. ಹತ್ತು ಹನ್ನೆರಡು ಜನ ಗಂಡಸರು. ಹಾಲಿನವರು, ಬಾಡಿಗೆ ಮನೆ ಕಟ್ಟಿಸಿಕೊಂಡವರು, ಒಬ್ಬ ಕ್ಯಾಬ್ ಡ್ರೈವರ್. ಹಾರ್ಮೋನಿಯಂ, ತಬಲ, ತಾಳ. ದಾಸರ ಪದಗಳಾದ ಮೇಲೆ ಕೈವಾರ ತಾತಯ್ಯನವರ ಪದಗಳು, ಕೆಲವು ತೆಲುಗಿನಲ್ಲಿ, ಕೆಲವು ಕನ್ನಡದಲ್ಲಿ. ಕೋಲಾರ, ಚಿಂತಾಮಣಿ ಕಡೆಯವರಿಗೆ ಇದು ಹೊಸದಲ್ಲ, ಗುರುಪೂರ್ಣಿಮೆಗೆ ಕೈವಾರದಲ್ಲಿ ದೊಡ್ಡ ಸಂಗೀತೋತ್ಸವವೇ ಆಗುತ್ತೆ. ಎಪ್ಪತ್ತು ವರ್ಷ ಬೆಂಗಳೂರಲ್ಲೇ ಸಂಗೀತ ಕೇಳಿದ ಅಪ್ಪ ಇವನ್ನು ಕೇಳಿರಲೇ ಇಲ್ಲ! "ಶ್ರುತಿ ಸ್ವಲ್ಪ ಆಚೀಚೆ. ಆದರೆ ಒಬ್ಬನೂ ಪುಸ್ತಕ ನೋಡಲ್ಲ ನೋಡು" ಅಂದ್ರು ವಾಪಸ್ ಬರ್ತಾ. ಆ ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಅದೇ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಗಲಾಟೆ. ಬೆಳಗಿನ ಜಾವ ಮೈಕಿನ ಕಾಟ, ಪೊಲೀಸರಿಗೆ ಅರ್ಜಿ ಕೊಡೋಣ ಅಂತ. ಕಾನೂನು ಅವರ ಕಡೆಗೇ ಇದೆ, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ರಾತ್ರಿ ಪಾಳಿ ಮುಗಿಸಿ ನಾಲ್ಕಕ್ಕೆ ಮಲಗೋರ ಕಷ್ಟ ನನಗೂ ಗೊತ್ತು. ಆದರೆ ಯಾರೋ ಒಬ್ಬರು "ಈ ಜನ ಇಲ್ಲಿಗೆ ಯಾವಾಗ ಬಂದ್ರು" ಅಂತ ಬರೆದಿದ್ದರು. ಮೈ ಉರಿದು ಹೋಯ್ತು. ಬಂದಿದ್ದು ನಾವಲ್ವಾ ಸ್ವಾಮಿ?

ಅಪ್ಪನಿಗೆ ಹೇಳಿದೆ. ಅವರು ಮಾರನೇ ದಿನ ಸೌಂಡ್ಸಿನವನ ಜೊತೆ ಹೋಗಿ ಭಜನೆಯವರ ಹತ್ರ ಮಾತಾಡಿದರು. ಆ ಹಾರನ್ನು ಮನೆಯ ಚಾವಣಿ ಮೇಲೆ ಹಾಕಿದ್ದೇ ಸಂಗೀತಕ್ಕೆ ಕೆಡುಕು, ಅದನ್ನು ತೆಗೆದು ಬಾಗಿಲು ತೆಗೆದಿಟ್ಟು ಹಾಡಿ, ತಬಲದ ನಾದ ಆಗ ಗೊತ್ತಾಗುತ್ತೆ ಅಂದ್ರಂತೆ. ಅರ್ಜಿ ವಿಷಯ ಎತ್ತಲೇ ಇಲ್ಲ. ಭಜನೆಯವರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಒಪ್ಪಿದರು. ಹಿರಿಯರ ಮಾತು ಅಂತ ಒಪ್ಪಿದರೋ, ನಾದಕ್ಕೋ, ನನಗಿನ್ನೂ ಅನುಮಾನ. ಬಾಡಿಗೆ ಹೋಯ್ತು ಅಂತ ಸೌಂಡ್ಸಿನವನಿಗೆ ಮಾತ್ರ ಸ್ವಲ್ಪ ಬೇಜಾರು.

ಅವನೇ ಕಳೆದ ರಾಮನವಮಿಗೆ ಬಂದು, "ಯಜಮಾನ್ರೇ, ಗುಡಿಯಲ್ಲಿ ಈ ಸಲ ನಿಮ್ಮ ಥರದ ಸಂಗೀತ ಇಟ್ಟವ್ರೆ, ಮೈಕು ಹೆಂಗಿಡಬೇಕು ನೋಡಿ ಬನ್ನಿ" ಅಂತ ಕರೆದ. ಹಾಡೋ ಹುಡುಗಿ ಇಲ್ಲಿಯವಳೇ, ಪಿಟೀಲು-ಮೃದಂಗದವರು ಮಲ್ಲೇಶ್ವರದಿಂದ ಬರಬೇಕು. ಆರೂವರೆಗೆ ಶುರು ಅಂದಿದ್ದು, ಅವರು ಕೆ.ಆರ್. ಪುರದ ತೂಗುಸೇತುವೆ ಹತ್ರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬಂದಾಗ ಏಳೂಮುಕ್ಕಾಲು. ಅಲ್ಲಿವರೆಗೆ ಭಜನೆಯವರೇ ಹಾಡಿದರು. ನಲವತ್ತು ಕುರ್ಚಿ, ಮುಕ್ಕಾಲು ತುಂಬಿತ್ತು. ಪಾನಕ, ಕೋಸಂಬರಿ ಧಾರಾಳ. ಹುಡುಗಿ ಮೋಹನ ಚೆನ್ನಾಗಿ ಹಾಡಿದಳು. ತನಿ ಶುರುವಾದಾಗ, ಉತ್ಸವಕ್ಕೆ ತಮಟೆ ಬಾರಿಸೋಕೆ ಬಂದಿದ್ದ ಹುಡುಗ ಎದ್ದು ಬಂದು ಮೃದಂಗದವರ ಎದುರಿಗೇ ಕೂತ, ಕಣ್ಣು ಪಿಳುಕಿಸದೆ ಬೆರಳು ನೋಡ್ತಾ. ಅಪ್ಪ ಪಕ್ಕದ ಹಾಲಿನವರ ತೊಡೆ ತಟ್ಟಿ ತಾಳ ಹೇಳಿಕೊಡ್ತಾ ಇದ್ರು. ಮಂಗಳ ಆದ ಮೇಲೇ ಎದ್ದಿದ್ದು. ಮನೆಗೆ ನಡ್ಕೊಂಡು ಬಂದ್ವಿ, ಹನ್ನೆರಡು ನಿಮಿಷ.

ಯಲಹಂಕ, ಕೆಂಗೇರಿ, ಹೊಸೂರು ರಸ್ತೆ ಕಡೆ ಇರೋ ಗೆಳೆಯರೇ, ನಿಮ್ಮಲ್ಲಿ ಏನು ಕಥೆ? ಗೊತ್ತಿಲ್ಲ ಅಂದ್ರೆ ಮೊದಲು ಹತ್ತಿರದ ಸೌಂಡ್ಸ್ ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ನನಗೂ ತಿಳಿಸಿ. ಅಪ್ಪ ಹರಿಕಥೆ ಎಲ್ಲಿದೆ ಅಂತ ದಿನಾ ಕೇಳ್ತಿದ್ದಾರೆ.